ಅಮೆರಿಕೆಯ ವ್ಯಕ್ತಿಪ್ರಾಧಾನ್ಯ: ಅದರ ಬಲವೂ ಕೊರತೆಯೂ

ತನ್ನ ಕಾಲಮೇಲೆ ತಾನು ನಿಲ್ಲುವವನೇ ಮನುಷ್ಯನೆಂಬುದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಜನರ ಹಳೆಯ ನಂಬಿಕೆ. ಹುಟ್ಟಿನ ಹಿರಿಮೆಯನ್ನಾಗಲಿ ಮನೆತನದ ಹೆಸರನ್ನಾಗಲಿ ಲೆಕ್ಕಿಸದೆ, ಒಬ್ಬನ ಯೋಗ್ಯತೆಯನ್ನು ಅವನ ದುಡಿಮೆಯಿಂದಲೇ ಅಳೆಯತಕ್ಕದ್ದೆಂದು ಅವರು ಮಕ್ಕಳಿಗೆ ಕಲಿಸುತ್ತಾರೆ. ಈ ವ್ಯಕ್ತಿಪ್ರಾಧಾನ್ಯವೇ ಆ ರಾಷ್ಟ್ರದ ಐಶ್ವರ್ಯಕ್ಕೆ ಮೂಲವೆಂದು ಹೊಗಳುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಅದೇ ಅವರ ಸಂಸಾರಗಳನ್ನು ಒಡೆದ ಕೇಡೆಂದು ಹಳಿಯುವವರೂ ಇದ್ದಾರೆ. ಎರಡು ಪಕ್ಷದವರೂ ಆ ದೇಶದ ಚರಿತ್ರೆಯಲ್ಲಿ ಅರ್ಧವನ್ನು ಮಾತ್ರವೇ ಓದಿದವರೆಂದು ನಮ್ಮ ಅಭಿಪ್ರಾಯ.

ಆ ಜನರ ಈ ಲಕ್ಷಣವನ್ನು ಆಳವಾಗಿ ವಿವೇಚಿಸಿದವನು ಒಬ್ಬ ಪರದೇಶೀಯನು. ಫ್ರಾನ್ಸಿನ ಅಲೆಕ್ಸಿಸ್ ಡಿ ಟಾಕ್‌ವಿಲ್ ಮಹಾಶಯನು ಸೆರೆಮನೆಗಳ ವ್ಯವಸ್ಥೆಯನ್ನು ಪರಿಶೀಲಿಸಲೆಂದು ೧೮೩೧ರಲ್ಲಿ ಅಲ್ಲಿಗೆ ಹೋಗಿ, ಸುಮಾರು ಒಂಬತ್ತು ತಿಂಗಳು ಸಂಚರಿಸಿ, ೧೮೩೫ ಮತ್ತು ೧೮೪೦ರಲ್ಲಿ ತನ್ನ ಗ್ರಂಥದ ಎರಡು ಭಾಗಗಳನ್ನು ಪ್ರಕಟಿಸಿದನು. ಸಮಾನತೆಯುಳ್ಳ ಸಮಾಜದಲ್ಲಿ ಪ್ರತಿಯೊಬ್ಬನೂ ತನ್ನ ಹೆಂಡತಿ ಮಕ್ಕಳು, ನಾಲ್ಕು ಮಂದಿ ಸ್ನೇಹಿತರು ಎಂಬಷ್ಟಕ್ಕೇ ತೃಪ್ತನಾಗಿ ಸಾರ್ವಜನಿಕ ಕಾರ್ಯಗಳನ್ನು ಕೈಬಿಡುವ ಅಪಾಯವುಂಟೆಂದು ಅವನು ಎಚ್ಚರಿಸಿದನು. ಆದರೆ ಅದಕ್ಕೆ ಮದ್ದನ್ನೂ ಅಮೆರಿಕೆಯವರು ಕಂಡುಕೊಂಡಿದ್ದರೆಂದು ಅವನೇ ಬರೆದಿದ್ದಾನೆ. ಶಾಲೆಯಾಗಲಿ, ಆಸ್ಪತ್ರೆಯಾಗಲಿ, ಇಗರ್ಜಿಯಾಗಲಿ ಬೇಕೆಂದು ತೋರಿದೊಡನೆ ಅವರು ಸಂಘ ಕಟ್ಟುತ್ತಿದ್ದರು. ಊರಿನ ಆಡಳಿತವನ್ನು ಊರವರೇ ಸಭೆ ಸೇರಿ ನಡೆಸುತ್ತಿದ್ದರು. ಒಂಟಿಯಾಗಿ ನಿಲ್ಲುವ ಹೆಮ್ಮೆ, ಕೂಡಿ ದುಡಿಯುವ ಅಭ್ಯಾಸ ಇವೆರಡೂ ಒಂದೇ ಜನರಲ್ಲಿದ್ದುವು.

ಒಂಟಿ ದುಡಿಮೆಯ ಆದರ್ಶಪುರುಷನೆಂದು ಅವರು ಕೊಂಡಾಡುವುದು ಪಶ್ಚಿಮದ ಬಯಲಿನಲ್ಲಿ ನೇಗಿಲು ಹೂಡಿದ ಬೇಸಾಯಗಾರನನ್ನು. ಅವನ ಸಾಹಸವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವನಿಗೆ ನೆಲವನ್ನು ಕೊಟ್ಟವರು ಯಾರು? ೧೮೬೨ರಲ್ಲಿ ಅಧ್ಯಕ್ಷ ಲಿಂಕನ್ನರು ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ, ಐದು ವರ್ಷ ವಾಸವಾಗಿದ್ದು ಸಾಗುವಳಿ ಮಾಡಿದವನಿಗೆ ೧೬೦ ಎಕರೆ ಜಮೀನು ಅಲ್ಪ ರುಸುಮಿಗೆ ದೊರೆಯುತ್ತಿತ್ತು. ಕಾಲಕ್ರಮದಲ್ಲಿ ಹೀಗೆ ಹಂಚಿದ ಭೂಮಿ ಸುಮಾರು ೨೭ ಕೋಟಿ ಎಕರೆ. ಅಂದರೆ ದೇಶದ ನೆಲದಲ್ಲಿ ಹತ್ತರಲ್ಲೊಂದು ಪಾಲು. ಅದೇ ವರ್ಷದ ಮಾರಿಲ್ ಕಾಯಿದೆಯಿಂದ ಸಂಸ್ಥಾನಗಳಿಗೆ ಸರಕಾರಿ ಭೂಮಿ ದೊರೆತು, ಅದರ ಹಣದಿಂದ ಬೇಸಾಯವನ್ನೂ ಯಂತ್ರಶಿಲ್ಪವನ್ನೂ ಕಲಿಸುವ ಕಾಲೇಜುಗಳು ಎದ್ದುವು. ಪೆಸಿಫಿಕ್ ಸಾಗರದ ಕಡೆಗೆ ರೈಲುದಾರಿ ಹಾಕಿದ ಕಂಪೆನಿಗಳಿಗೂ ಸರಕಾರವೇ ಭೂಮಿಯನ್ನೂ ಸಾಲವನ್ನೂ ಒದಗಿಸಿತು. ತನ್ನ ಕಾಲಮೇಲೆ ನಿಂತವನ ಕಾಲಡಿಯ ನೆಲವು ರಾಷ್ಟ್ರದ ಕೊಡುಗೆಯಾಗಿತ್ತು.

ಆ ಕೊಡುಗೆಯೂ ಪರರ ಸೊತ್ತಿನಿಂದ ಮಾಡಿದ್ದೆಂಬುದನ್ನು ಮರೆಯಲಾಗದು. ಅಲ್ಲಿನ ಮೂಲನಿವಾಸಿಗಳಲ್ಲಿ ಅನೇಕ ಕುಲಗಳು ಭೂಮಿಯನ್ನು ಸಮಷ್ಟಿಯಾಗಿ ಅನುಭವಿಸುತ್ತಿದ್ದುವು. ಅವರನ್ನು ಸುಧಾರಿಸುವ ನೆವದಿಂದ ೧೮೮೭ರ ಡಾಸ್ ಕಾಯಿದೆಯು ಆ ಭೂಮಿಯನ್ನು ತುಂಡುಮಾಡಿ ಒಬ್ಬೊಬ್ಬನ ಹೆಸರಿಗೆ ಹಂಚಿ, ಮಿಕ್ಕುದನ್ನು ಬಿಳಿಯರಿಗೆ ತೆರೆಯಿತು. ಆ ವರ್ಷ ಅವರ ಕೈಯಲ್ಲಿದ್ದುದು ಸುಮಾರು ೧೩ ಕೋಟಿ ೮೦ ಲಕ್ಷ ಎಕರೆ. ೧೯೩೪ರಲ್ಲಿ ಈ ಪದ್ಧತಿಯನ್ನು ನಿಲ್ಲಿಸುವ ಹೊತ್ತಿಗೆ ಉಳಿದುದು ಸುಮಾರು ೪ ಕೋಟಿ ೮೦ ಲಕ್ಷ. ವ್ಯಕ್ತಿಗೆ ಹಕ್ಕು ಕೊಡುತ್ತೇವೆಂಬ ಮಾತು ಸಮುದಾಯವನ್ನು ಸೀಳುವ ಕೊಡಲಿಯೂ ಆಗಬಲ್ಲುದೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ನಿದರ್ಶನ ಬೇಕಿಲ್ಲ. ೧೮೬೦ರ ಜನಗಣತಿಯಲ್ಲಿ ಗುಲಾಮರೆಂದು ಎಣಿಸಲ್ಪಟ್ಟ ಸುಮಾರು ೪೦ ಲಕ್ಷ ಆಫ್ರಿಕಾ ಮೂಲದ ಜನರಿಗಂತೂ ವ್ಯಕ್ತಿಯೆಂಬ ಹೆಸರೇ ಸಲ್ಲುತ್ತಿರಲಿಲ್ಲ.

೧೯೨೮ರ ಚುನಾವಣೆಯಲ್ಲಿ ಹರ್ಬರ್ಟ್ ಹೂವರ್ ಅವರು ಸರಕಾರದ ಆಸರೆಯನ್ನು ಬಯಸದ ಕೆಚ್ಚಿನ ವ್ಯಕ್ತಿವಾದವೇ ಅಮೆರಿಕೆಯ ಮಾರ್ಗವೆಂದು ಸಾರಿ ಗೆದ್ದರು. ಮರುವರ್ಷವೇ ಷೇರುಪೇಟೆ ಕುಸಿಯಿತು. ೧೯೩೩ರ ವೇಳೆಗೆ ದುಡಿಯುವ ನಾಲ್ವರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. ಅವರೆಲ್ಲರೂ ಸೋಮಾರಿಗಳೆಂದು ಹೇಳುವುದು ನ್ಯಾಯವೆ? ೧೯೩೫ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಕಾಲದಲ್ಲಿ ಸೋಷಿಯಲ್ ಸೆಕ್ಯೂರಿಟಿ ಕಾಯಿದೆಯು ಬಂದು ವೃದ್ಧರಿಗೂ ನಿರುದ್ಯೋಗಿಗಳಿಗೂ ಆಸರೆಯಾಯಿತು. ಅದನ್ನು ಆ ಜನರು ಇಂದಿಗೂ ಬಿಟ್ಟುಕೊಟ್ಟಿಲ್ಲ.

ವ್ಯಕ್ತಿಪ್ರಾಧಾನ್ಯದ ಉಜ್ಜ್ವಲ ಮುಖವನ್ನು ಹೇಳದಿದ್ದರೆ ಅನ್ಯಾಯವಾದೀತು. ಗುಲಾಮಗಿರಿಯನ್ನು ಪೋಷಿಸುವ ಸರಕಾರಕ್ಕೆ ತೆರಿಗೆ ಕೊಡೆನೆಂದು ಹೆನ್ರಿ ಡೇವಿಡ್ ಥೋರೋ ೧೮೪೬ರಲ್ಲಿ ಒಂದು ರಾತ್ರಿ ಸೆರೆಯಲ್ಲಿದ್ದನು. ಅವನ ಪ್ರಬಂಧವನ್ನು ಗಾಂಧೀಜಿಯವರು ದಕ್ಷಿಣ ಆಫ್ರಿಕೆಯಲ್ಲಿದ್ದಾಗ ಓದಿ, ೧೯೦೭ರಲ್ಲಿ ತಮ್ಮ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ ವಾಚಕರಿಗೆ ಪರಿಚಯ ಮಾಡಿಕೊಟ್ಟರು. ಒಬ್ಬನ ಅಂತಃಸಾಕ್ಷಿಯಾಗಿದ್ದುದನ್ನು ಅವರು ಜನಸ್ತೋಮದ ಶಕ್ತಿಯಾಗಿ ಮಾಡಿದರು. ಆ ಮಾರ್ಗವು ಮರಳಿ ಅಮೆರಿಕೆಯನ್ನು ಮುಟ್ಟಿತು. ೧೯೫೫ರ ಡಿಸೆಂಬರಿನಲ್ಲಿ ಮಾಂಟ್‌ಗೊಮರಿ ಪಟ್ಟಣದ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಮಹಿಳೆಯು ಬಿಳಿಯನಿಗೆ ಸ್ಥಳ ಬಿಡಲೊಪ್ಪಲಿಲ್ಲ. ನಿರಾಕರಣೆ ಆಕೆಯೊಬ್ಬಳದು, ಗೆಲವು ದೊರೆತುದು ಮಾರ್ಟಿನ್ ಲೂಥರ್ ಕಿಂಗರ ಮುಂದಾಳುತನದಲ್ಲಿ ಆಕೆಯ ಜನರು ೩೮೧ ದಿನ ಬಸ್ಸು ಹತ್ತದೆ, ಸಂಘಬಲದಿಂದಲೂ ನ್ಯಾಯಾಲಯದ ತೀರ್ಪಿನಿಂದಲೂ ಹೋರಾಡಿದುದರಿಂದ.

ಇನ್ನು ಇತ್ತೀಚಿನ ಸಂಗತಿ. ೧೯೪೦ರಲ್ಲಿ ಅಮೆರಿಕೆಯ ನೂರು ಮನೆಗಳಲ್ಲಿ ಒಬ್ಬರೇ ವಾಸಿಸುವವು ಎಂಟನ್ನು ಮುಟ್ಟಿರಲಿಲ್ಲ. ೨೦೨೦ರ ಗಣತಿಯಲ್ಲಿ ಅವು ೨೭ಕ್ಕೂ ಮಿಗಿಲು. ೨೦೨೩ರಲ್ಲಿ ಆ ದೇಶದ ಸರ್ಜನ್ ಜನರಲ್ ಆಗಿದ್ದ ಡಾಕ್ಟರ್ ವಿವೇಕ್ ಮೂರ್ತಿಯವರು ಒಂಟಿತನವನ್ನು ಒಂದು ಪಿಡುಗೆಂದು ಕರೆದು ಅಧಿಕೃತ ಎಚ್ಚರಿಕೆಯನ್ನು ಹೊರಡಿಸಿದರು. ಜನಸಂಪರ್ಕವಿಲ್ಲದ ಬಾಳು ದಿನಕ್ಕೆ ಹದಿನೈದು ಸಿಗರೇಟು ಸೇದುವಷ್ಟು ಆಯುಸ್ಸಿಗೆ ಮಾರಕವಾಗಬಹುದೆಂದು ಅದರಲ್ಲಿ ತಿಳಿಸಿದರು. ಅವರ ಮನೆತನವು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ಅಲ್ಲಿ ನೆಲೆಸಿದ ಕನ್ನಡಿಗರು ಹಲವು ಪಟ್ಟಣಗಳಲ್ಲಿ ಕನ್ನಡ ಕೂಟಗಳನ್ನು ಕಟ್ಟಿಕೊಂಡಿರುವುದೂ ಟಾಕ್‌ವಿಲ್ ಕಂಡ ಆ ಹಳೆಯ ಮದ್ದೇ ಸರಿ.

ಇದನ್ನು ಓದಿ, ನಮ್ಮ ಕೂಡುಕುಟುಂಬವೇ ಮೇಲೆಂದು ಬೀಗಲು ಕಾರಣವಿಲ್ಲ. ನಮ್ಮ ಕಟ್ಟುಗಳಲ್ಲಿ ಬಹುಪಾಲು ಹುಟ್ಟಿನಿಂದ ಬಂದವು. ಜಾತಿಯ ಬಿಗಿಯಲ್ಲಿ ಉಸಿರುಗಟ್ಟಿದವನಿಗೆ ಅಮೆರಿಕೆಯ ಮಾತು ತಂಗಾಳಿಯಂತೆ ತೋರಿದರೆ ಅದು ಅವನ ತಪ್ಪಲ್ಲ. ಇಚ್ಛೆಯಿಂದ ಸೇರಿ ಇಚ್ಛೆಯಿಂದ ಬಿಡಬಹುದಾದ ಸಂಘವೇ ಆ ದೇಶದವರಿಂದ ನಾವು ಕಲಿಯತಕ್ಕ ವಿದ್ಯೆ. ಆದುದರಿಂದ, ಬಡವನು ಅಮೆರಿಕೆಯವನಂತೆ ತಾನೇ ಮೇಲೇಳಲೆಂದು ಉಪದೇಶಿಸಿ ಕೈತೊಳೆದುಕೊಳ್ಳುವ ಅಧಿಕಾರಿಗಳು ೧೮೬೨ರ ಆ ೧೬೦ ಎಕರೆಯನ್ನು ಮೊದಲು ನೆನೆಯಲಿ. ಹೊಸ್ತಿಲಾಚೆಯ ಕಾರ್ಯದಲ್ಲಿ ತಮಗೇನು ಕೆಲಸವೆಂದು ಕುಳಿತ ಪಟ್ಟಣಿಗರು ೨೦೨೩ರ ಎಚ್ಚರಿಕೆಯನ್ನು ನೆನೆಯಲಿ.