ಕಾಲುವೆಯ ಊರಿನಲ್ಲಿ ಮೂರು ದಿನ

2024ರ ಬೇಸಗೆಯಲ್ಲಿ ನನ್ನ ಸಹೋದ್ಯೋಗಿಗಳೊಬ್ಬರು ಯುರೋಪಿನ ಪ್ರವಾಸವನ್ನು ಮುಗಿಸಿಕೊಂಡು ಬಂದರು. ಮುಂದಿನ ಒಂದು ವಾರ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ವೆನಿಸ್ ನಗರದ್ದೇ ಮಾತು. ನೀರಿನ ನಡುವೆ ಹಾಸಿದ ಉದ್ದನೆಯ ಸೇತುವೆಯ ಮೇಲೆ ರೈಲು ಓಡುತ್ತದಂತೆ; ನಿಲ್ದಾಣದ ಮೆಟ್ಟಿಲಿಳಿದರೆ ಎದುರಿಗೆ ಬೀದಿಯಿಲ್ಲ, ಕಾಲುವೆ; ಹೋಟೆಲಿನ ಕಿಟಕಿ ತೆರೆದರೆ ಕೆಳಗೆ ದೋಣಿಗಳ ಸಾಲು. ಕೇಳುತ್ತ ಕುಳಿತವರಿಗೆ ಚಹಾ ಆರಿಹೋದದ್ದೂ ತಿಳಿಯಲಿಲ್ಲ. ಕೊನೆಗೆ ಅವರು ಒಂದು ನಿಟ್ಟುಸಿರು ಬಿಟ್ಟು, “ನಮ್ಮ ದೇಶದಲ್ಲಿ ಇಂಥದೊಂದು ಊರು ಇಲ್ಲವಲ್ಲ!” ಎಂದರು.

ಆಗ ನಾನು ಸುಮ್ಮನಿದ್ದೆ. ಆದರೆ ರಾತ್ರಿ ಪುಸ್ತಕಗಳ ಕಪಾಟಿನ ಮುಂದೆ ನಿಂತಾಗ ಒಂದು ಸಂಗತಿ ನೆನಪಾಗಿ ನಗು ಬಂತು. ಆ ವೆನಿಸ್ ಸೀಮೆಯ ಜನ ಹಿಂದೆ ನಮ್ಮ ಊರನ್ನು ನೋಡಲು ಬಂದಿದ್ದರಲ್ಲ! ವೆನಿಸ್ಸಿಗೆ ಸಮೀಪದ ಕ್ಯೊಜಿಯಾ ಎಂಬ, ಅದರಂತೆಯೇ ನೀರಿನ ನಡುವೆ ನಿಂತ ಊರಿನವನಾದ ನಿಕೊಲೊ ಕಾಂಟಿ 1420ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ. ಸೀಸರ್ ಫ್ರೆಡರಿಕ್ ಎಂಬ ವೆನಿಸ್ಸಿನ ವರ್ತಕ 1567ರಲ್ಲಿ ಬಂದು ಏಳು ತಿಂಗಳು ಅಲ್ಲಿಯೇ ತಂಗಿದ್ದ. ಕಾಲುವೆಯ ನಾಡಿನಿಂದ ಹೊರಟವರು ಬಂದು ಸೇರಿದ್ದೂ ಒಂದು ಕಾಲುವೆಯ ನಾಡನ್ನೇ. ನಮ್ಮ ಮಿತ್ರರಿಗೆ ಅದು ಕಾಣಲಿಲ್ಲವೆಂದು ಅವರನ್ನು ದೂರುವುದು ಹೇಗೆ? ಹದಿನೈದು ವರ್ಷಗಳಿಂದ ವಿದ್ಯಾರ್ಥಿಗಳನ್ನು ಹಂಪಿಗೆ ಕರೆದೊಯ್ಯುತ್ತಿರುವ ನನಗಾದರೂ ಅದು ಎಲ್ಲಿ ಕಂಡಿತ್ತು? ವಿ. ಸೀ. ಅವರ ‘ಪಂಪಾಯಾತ್ರೆ’ಯನ್ನು ಓದಿದ ಕಾಲದಿಂದ ನನ್ನ ಮನಸ್ಸಿನಲ್ಲಿ ನಿಂತಿದ್ದ ಹಂಪಿ ಕಲ್ಲಿನ ಹಂಪಿ, ಹಾಳು ಹಂಪಿ. ಈ ಸಲ ಕಲ್ಲನ್ನು ಬಿಟ್ಟು ನೀರನ್ನು ನೋಡಿಕೊಂಡು ಬರೋಣವೆಂದು, ಡಿಸೆಂಬರ್ ತಿಂಗಳಲ್ಲಿ ಮೂರು ದಿನಗಳ ರಜೆ ದೊರೆತೊಡನೆ, ಒಬ್ಬನೇ ಹೊರಟೆ.

ಮೈಸೂರಿನಿಂದ ಹೊಸಪೇಟೆಗೆ ಹೋಗಲು ಹಂಪಿ ಎಕ್ಸ್‌ಪ್ರೆಸ್ಸಿನಷ್ಟು ನೆಮ್ಮದಿಯ ಗಾಡಿ ಮತ್ತೊಂದಿಲ್ಲ. ಹೆಸರಿಗೆ ಎಕ್ಸ್‌ಪ್ರೆಸ್, ನಡೆಯಲ್ಲಿ ಮಾತ್ರ ಹಬ್ಬಕ್ಕೆ ತವರಿಗೆ ಹೊರಟ ಹಿರಿಯಳಂತೆ ಎಲ್ಲರನ್ನೂ ಮಾತನಾಡಿಸಿಕೊಂಡು ಹೋಗುವ ಗಾಡಿ. ಬೆಂಗಳೂರು ದಾಟಿದ ಮೇಲೆ ಅದು ಆಂಧ್ರದ ಸೀಮೆಯನ್ನು ಹೊಕ್ಕು, ಹಿಂದೂಪುರ, ಪೆನುಕೊಂಡೆ, ಅನಂತಪುರ, ಗುಂತಕಲ್ಲುಗಳನ್ನು ಬಳಸಿಕೊಂಡು ಬಳ್ಳಾರಿಯ ಬಳಿ ಮರಳಿ ಕನ್ನಡನಾಡಿಗೆ ಬರುತ್ತದೆ. ನಡುರಾತ್ರಿ ಎಚ್ಚರವಾದಾಗ ಕಿಟಕಿಯ ಹೊರಗೆ ಕತ್ತಲಲ್ಲಿ ಗುಡ್ಡಗಳ ಕಪ್ಪು ಸಾಲು ಕಂಡಿತು, ಪೆನುಕೊಂಡೆಯೇ ಇರಬೇಕೆಂದುಕೊಂಡೆ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಕದನ ಸೋತಮೇಲೆ ತಿರುಮಲರಾಯನು ಆನೆಗಳ ಮೇಲೆ ಬೊಕ್ಕಸವನ್ನು ಹೇರಿಕೊಂಡು ರಾಜಧಾನಿಯನ್ನು ತೊರೆದು ಬಂದು ನೆಲೆಸಿದ್ದು ಇಲ್ಲಿ. ಅವನು ಬೆನ್ನು ಹಾಕಿ ಬಂದ ಊರಿನತ್ತ ನಾವು ನಿದ್ದೆ ಮಾಡುತ್ತ ಹೋಗುತ್ತಿದ್ದೆವು. ಅವನಿಗೆ ಹೊತ್ತು ತರಲು ಸಾಧ್ಯವಾಗದೆ ಉಳಿದುಹೋದದ್ದು ಏನೇನು ಎಂಬ ಪ್ರಶ್ನೆ ಆ ಹೊತ್ತಿನಲ್ಲಿ ಮನಸ್ಸಿಗೆ ಬಂತು.

ಬೆಳಗಾಗುವ ಹೊತ್ತಿಗೆ ನೆಲ ಕೆಂಪಾಗಿತ್ತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೊಗೆಗೊಳವೆಗಳು, ಅದಿರು ತುಂಬಿದ ಗೂಡ್ಸ್ ಗಾಡಿಗಳು, ಎಡಕ್ಕೆ ಸಂಡೂರಿನ ಬೆಟ್ಟಗಳ ನೀಲಿ ಗೆರೆ. ಹೊಸಪೇಟೆ ಸಮೀಪಿಸಿದಂತೆ ಆ ಕೆಂಪು ಕಡಿಮೆಯಾಗಿ ಹಸುರು ಆರಂಭವಾಯಿತು: ಮೊದಲು ಬತ್ತ, ಆಮೇಲೆ ಕಬ್ಬು, ಬಾಳೆ, ತೆಂಗು. ಒಣನಾಡಿನ ನಡುವೆ ಈ ಹಸುರು ಎಲ್ಲಿಂದ ಬಂತೆಂದು ಕೇಳಿದರೆ ಉತ್ತರವು ಒಂದೇ: ಕಾಲುವೆ.

ನಾನು ಇಳಿದುಕೊಂಡದ್ದು ಒಂದು ಸಾಧಾರಣ ವಸತಿಗೃಹ. ಆದರೆ ಅದರ ಹಿಂಬದಿಯ ಕೋಣೆಯನ್ನೇ ಕೇಳಿ ಪಡೆದಿದ್ದೆ. ಮಾಣಿಗೆ ಆಶ್ಚರ್ಯ, ಎಲ್ಲರೂ ಬೀದಿಯ ಕಡೆಯ ಕೋಣೆಯನ್ನು ಕೇಳುವವರು. ಕಿಟಕಿ ತೆರೆದೆ. ಕೆಳಗೆ, ಮನೆಗಳ ಹಿತ್ತಿಲುಗಳ ನಡುವೆ, ಬಸವಣ್ಣ ಕಾಲುವೆ ಸದ್ದಿಲ್ಲದೆ ಹರಿಯುತ್ತಿತ್ತು. ಹೆಂಗಸರಿಬ್ಬರು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ಹುಡುಗನೊಬ್ಬ ಸೇತುವೆಯಿಂದ ನೀರಿಗೆ ಕಾಲು ಇಳಿಬಿಟ್ಟು ಕುಳಿತಿದ್ದ. ನಮ್ಮ ಮಿತ್ರರ ವೆನಿಸ್ಸಿನ ಕಿಟಕಿಗೂ ನನ್ನ ಕಿಟಕಿಗೂ ಇದ್ದ ಅಂತರ ಬಹಳವೇನಲ್ಲ ಎಂದು ಹೆಮ್ಮೆಪಡುವಷ್ಟರಲ್ಲಿ, ಮೇಲಿನಿಂದ ಒಂದು ಪ್ಲಾಸ್ಟಿಕ್ ಚೀಲಗಳ ಗಂಟು ತೇಲಿಬಂತು. ಅದರ ಹಿಂದೆ ಮತ್ತೊಂದು. ಯಾವುದೋ ಮನೆಯ ಬಚ್ಚಲ ನೀರು ಕೊಳವೆಯಿಂದ ನೇರವಾಗಿ ಕಾಲುವೆಗೇ ಬೀಳುತ್ತಿತ್ತು. ಹೆಮ್ಮೆಯ ಮಾತನ್ನು ಅಲ್ಲಿಗೇ ನಿಲ್ಲಿಸಿದೆ.

ಹೊಸಪೇಟೆಯೆಂದರೆ ಕೃಷ್ಣದೇವರಾಯನು ಕಟ್ಟಿಸಿದ ನಾಗಲಾಪುರ. ಮೆಚ್ಚಿದ ಹೆಣ್ಣಿನ ಹೆಸರಿನಲ್ಲಿ ಕಟ್ಟಿಸಿದ ಊರೆಂದು ಪ್ರತೀತಿ. ಪೋರ್ಚುಗೀಸ್ ಪ್ರವಾಸಿಗಳೂ ಹಾಗೆಯೇ ಬರೆದಿದ್ದಾರೆ. ಆ ಊರಿಗೆಂದು ರಾಯನು ಎರಡು ಬೆಟ್ಟಗಳ ನಡುವೆ ಒಂದು ದೊಡ್ಡ ಕೆರೆಯನ್ನು ಕಟ್ಟಿಸತೊಡಗಿದ. ಡೊಮಿಂಗೊ ಪಾಯೆಸ್ ಅದನ್ನು ಕಣ್ಣಾರೆ ಕಂಡವನು: ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರೆನ್ನುತ್ತಾನೆ. ನೂನಿಜ್ ಹೇಳುವ ಕಥೆ ಇನ್ನಷ್ಟು ಸ್ವಾರಸ್ಯವಾದದ್ದು. ಗೋವೆಯಿಂದ ಬಂದ ಜೊವಾವ್ ದ ಲಾ ಪೊಂತೆ ಎಂಬ ಕಲ್ಲುಕೆಲಸದ ಮೇಸ್ತ್ರಿ ಸುಣ್ಣ ಬೇಕೆಂದಾಗ ರಾಯನು ನಕ್ಕನಂತೆ. ಹಗಲು ಕಟ್ಟಿದ್ದು ರಾತ್ರಿ ಕುಸಿಯುತ್ತಿತ್ತು. ಕೊನೆಗೆ ಏರಿ ನಿಲ್ಲಲೆಂದು ಮನುಷ್ಯರನ್ನು ಬಲಿಕೊಟ್ಟರೆಂದು ಇಬ್ಬರೂ ಬರೆದಿದ್ದಾರೆ. ಪಾಯೆಸ್ ಅರವತ್ತು ಜನರ ಲೆಕ್ಕ ಕೊಡುತ್ತಾನೆ, ನೂನಿಜ್ ಅವರನ್ನು ಮರಣದಂಡನೆಗೆ ಗುರಿಯಾದವರೆನ್ನುತ್ತಾನೆ. ತರಗತಿಯಲ್ಲಿ ರಾಯನ ವೈಭವವನ್ನು ವರ್ಣಿಸುವಾಗ ನಾನು ಈ ಪುಟವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಿದ್ದೆ. ಆದರೆ ನೂನಿಜ್ ಮುಂದಿನ ಮಾತನ್ನೂ ಹೇಳುತ್ತಾನೆ: ಆ ಕೆರೆಯ ಕೆಳಗಿನ ಭೂಮಿಯನ್ನು ಹಸನು ಮಾಡಿಕೊಳ್ಳಲೆಂದು ರಾಯನು ರೈತರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟನು. ನೀರಿನ ಬೆಲೆ ಮತ್ತು ನೀರಿನ ವಿವೇಕ ಎರಡೂ ಒಂದೇ ಪುಟದಲ್ಲಿವೆ.

ಮಧ್ಯಾಹ್ನ ಆ ಕೆರೆಯನ್ನು ನೋಡಲು ಹೋದೆ. ಊರಿನ ನೈಋತ್ಯಕ್ಕೆ, ಸಂಡೂರಿನ ಬೆಟ್ಟಗಳ ಕಣಿವೆಯ ಬಾಯಿಯಲ್ಲಿ, ಪ್ರಚಂಡವಾದ ಏರಿ ಇಂದಿಗೂ ಇದೆ. ಅದರ ಮೇಲೆಯೇ ಹೆದ್ದಾರಿ ಹಾಯ್ದುಹೋಗಿದೆ. ಲಾರಿಗಳು ಓಡುತ್ತವೆ, ಕೆರೆಯಲ್ಲಿ ನೀರು ಮಾತ್ರ ಇಲ್ಲ. ಬಲಿ ಪಡೆದ ಕೆರೆ ಬತ್ತಿಹೋಯಿತು. ಸದ್ದಿಲ್ಲದೆ ಕಟ್ಟಿದ ಕಾಲುವೆಗಳು ಉಳಿದುಕೊಂಡವು. ಇದನ್ನು ನೀತಿಕಥೆಯೆಂದು ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ.

ಆ ಕಾಲುವೆಗಳ ರಹಸ್ಯವಾದರೂ ಏನು? ಎರಡನೆಯ ದಿನ ಹಂಪಿಯ ಕಡೆಗೆ ಹೋದಾಗ ಅದನ್ನು ತಿಳಿಯಲು ಯತ್ನಿಸಿದೆ. ತುಂಗಭದ್ರೆ ಇಲ್ಲಿ ಬಂಡೆಗಳ ನಡುವೆ ಕವಲೊಡೆದು ಹರಿಯುತ್ತಾಳೆ. ವಿಜಯನಗರದ ಜನ ನದಿಯನ್ನು ಎದುರಿಸಿ ನಿಲ್ಲುವ ಎತ್ತರದ ಗೋಡೆಯನ್ನು ಕಟ್ಟಲಿಲ್ಲ. ಬಂಡೆಯಿಂದ ಬಂಡೆಗೆ, ಸೊಟ್ಟಗೆ ವಕ್ರವಾಗಿ, ದೊಡ್ಡ ಕಲ್ಲುಗಳನ್ನು ಜೋಡಿಸಿ ತಗ್ಗಿನ ಅಣೆಕಟ್ಟೆಗಳನ್ನು ಹಾಕಿದರು. ನೀರಿನ ಮಟ್ಟ ಸ್ವಲ್ಪ ಏರಿದರೆ ಸಾಕು, ಪಕ್ಕದ ಕಾಲುವೆಗೆ ಪಾಲು ತಿರುಗುತ್ತದೆ. ಪ್ರವಾಹ ಬಂದರೆ ಅದು ಕಟ್ಟೆಯ ತಲೆಯ ಮೇಲೆ ಹಾಯ್ದು ತನ್ನ ದಾರಿ ಹಿಡಿಯುತ್ತದೆ. ಕಾಲುವೆಯಾದರೋ ಗುಡ್ಡದ ಬುಡವನ್ನು ತಬ್ಬಿಕೊಂಡು, ನೆಲದ ಇಳುಕಲನ್ನು ಕೇಳಿ ಕೇಳಿ, ಸಾವಕಾಶವಾಗಿ ಸಾಗುತ್ತದೆ. ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ತುರ್ತು, ರಾಮಸಾಗರ, ಕಂಪ್ಲಿ ಎಂದು ಅವುಗಳಿಗೆ ಹೆಸರು. ರಾಯ ಕಾಲುವೆ ಕಮಲಾಪುರದ ಕೆರೆಯನ್ನು ತುಂಬುತ್ತದೆ. ತುರ್ತು ಕಾಲುವೆ ಹಂಪಿಯ ಗುಡಿಗಳಿಗೂ ಅರಮನೆಗಳ ಆವರಣಕ್ಕೂ ನಡುವಣ ಕಣಿವೆಯಲ್ಲಿ ಬತ್ತ, ಬಾಳೆಗಳನ್ನು ಬೆಳೆಸುತ್ತದೆ.

ಉಗ್ರನರಸಿಂಹನ ಪಕ್ಕದಲ್ಲಿರುವ ಬಡವಿಲಿಂಗವನ್ನು ಎಷ್ಟೋ ಸಲ ನೋಡಿದ್ದೆ. ಅದರ ಪೀಠ ಸದಾ ನೀರಿನಲ್ಲಿ ಮುಳುಗಿರುವುದನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಗಂಗೆಯ ಸಂಕೇತವೆಂದು ವಿವರಿಸಿಯೂ ಇದ್ದೆ. ಆ ನೀರು ಎಲ್ಲಿಂದ ಬರುತ್ತದೆಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಅದು ಬರುವುದು ಕಾಲುವೆಯಿಂದ. ದೇವರಿಗೂ ಗದ್ದೆಗೂ ನಮ್ಮ ಹಿರಿಯರು ಒಂದೇ ನೀರನ್ನು ಕೊಟ್ಟಿದ್ದರು. ಪ್ರಭುವಿನ ಆವರಣದೊಳಗೂ ಅದೇ ಕಥೆ: ಕಲ್ಲುಕಂಬಗಳ ಮೇಲೆ ಹೊತ್ತ ಕಲ್ಲುದೋಣಿಗಳಲ್ಲಿ ನೀರು ಸಾಗಿಬಂದು ಕೊಳಗಳನ್ನು ತುಂಬುತ್ತಿತ್ತು. 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲುಗೊಳವನ್ನು ನೋಡಿದವರಿಗೆ ಇದು ತಿಳಿದ ಮಾತು. ಇದೇ ಹಂಪಿಯಲ್ಲಿ ದೊರೆತ, ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿ ಮಗುವಿಗೆ ಹಾಲೂಡುತ್ತ ಕಿವಿಯಲ್ಲಿ ಹೇಳುವ ಬುದ್ಧಿಮಾತುಗಳಲ್ಲಿ ಮೊದಲನೆಯದು ಕೆರೆ ಕಟ್ಟಿಸುವುದು, ಎರಡನೆಯದು ಬಾವಿ ತೋಡಿಸುವುದು. ದೇವಾಲಯ ಬರುವುದು ಆಮೇಲೆ. ಆ ಪದ್ಯವನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಅಲಂಕಾರ, ಛಂದಸ್ಸು ಎಲ್ಲವನ್ನೂ ಹೇಳುತ್ತೇನೆ. ತಾಯಿ ಹೇಳಿದ ಕ್ರಮವನ್ನು ಅಂದು ಮೊದಲ ಬಾರಿಗೆ ಗಮನಿಸಿದೆ.

ನಮ್ಮ ಮಿತ್ರರ ವೆನಿಸ್ಸಿನ ದೋಣಿಯ ಆಸೆಯನ್ನು ತೀರಿಸಿಕೊಳ್ಳದೆ ಬರಬಾರದೆಂದು ಚಕ್ರತೀರ್ಥದಲ್ಲಿ ಹರಿಗೋಲು ಹತ್ತಿದೆ. ಬುಟ್ಟಿಯಂತೆ ದುಂಡಗಿದ್ದು, ತಿರುಗುತ್ತ ತಿರುಗುತ್ತ ಸಾಗುವ ಈ ವಾಹನವನ್ನು ಪಾಯೆಸ್ ಬೆರಗಿನಿಂದ ವರ್ಣಿಸಿದ್ದಾನೆ. ಹದಿನೈದಿಪ್ಪತ್ತು ಜನ ಮಾತ್ರವಲ್ಲ, ಕುದುರೆ ಎತ್ತುಗಳೂ ಇದರಲ್ಲಿ ಹೊಳೆ ದಾಟುತ್ತಿದ್ದವಂತೆ. ಇದರಲ್ಲಿ ಕುಳಿತವನಿಗೆ ಮುಂದು ಹಿಂದು ಎಂಬುದಿಲ್ಲ. ಎರಡು ಸುತ್ತು ತಿರುಗುವಷ್ಟರಲ್ಲಿ ನನಗೆ ವೆನಿಸ್ ಯಾವ ದಿಕ್ಕಿನಲ್ಲಿದೆಯೆಂಬುದೇ ಮರೆತುಹೋಯಿತು.

ಮೂರನೆಯ ದಿನ ಕಂಪ್ಲಿಯ ಕಡೆಗೆ ಹೋಗುವ ಬಸ್ಸು ಹಿಡಿದು, ದಾರಿಯಲ್ಲಿ ಒಂದು ಹಳ್ಳಿಯ ಬಳಿ ಇಳಿದೆ. ಎರಡು ಬದಿಗೂ ಗದ್ದೆ. ನಡುವೆ ಕಾಲುವೆಯ ದಂಡೆ. ಹೆಗಲ ಮೇಲೆ ಸಲಿಕೆ ಹೊತ್ತ ಒಬ್ಬ ಮುದುಕ ತೂಬಿನ ಬಾಯಿಯ ಕಸವನ್ನು ಬಿಡಿಸುತ್ತಿದ್ದ. ನಾನು ನಿಂತು ನೋಡುವುದನ್ನು ಕಂಡು, “ಹಂಪಿಗೆ ಹೋಗಾಕ ದಾರಿ ತಪ್ಪೀರೇನ್ರಿ?” ಎಂದ. ಇಲ್ಲ, ಕಾಲುವೆ ನೋಡಲೆಂದೇ ಬಂದೆನೆಂದೆ. ಅವನು ಸಲಿಕೆ ಊರಿ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. “ಎಲ್ಲಾರೂ ಕಲ್ಲು ನೋಡಾಕ ಬರ್ತಾರ್ರಿ. ಕಾಲುವಿ ನೋಡಾಕ ಬಂದೋರು ನೀವೇ ಮೊದಲು.”

ಅವನೊಡನೆ ದಂಡೆಯ ಮೇಲೆ ಕುಳಿತೆ. ಆ ವರ್ಷದ ಮಾತು ತಾನಾಗಿಯೇ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ ಹತ್ತೊಂಬತ್ತನೆಯದು ಸರಪಳಿ ಕಡಿದು ಕೊಚ್ಚಿಹೋದುದನ್ನು ಓದುಗರು ಬಲ್ಲರು. ತುಂಬಿದ ಜಲಾಶಯದ ನೀರು ಕಣ್ಣೆದುರೇ ನದಿಗೆ ಹೋಗುತ್ತಿತ್ತು. ವಾರದೊಳಗೆ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಲಾಯಿತು. ಮತ್ತೆ ಮಳೆಯಾಗಿ ಜಲಾಶಯ ತುಂಬಿತು. ಆ ವಾರ ತನ್ನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲವೆಂದು ಮುದುಕ ಹೇಳಿದ. 1953ರಲ್ಲಿ ಮೊದಲು ನೀರು ನಿಂತ ಆ ಜಲಾಶಯಕ್ಕೆ 133 ಟಿಎಂಸಿ ಹಿಡಿಯುವ ಶಕ್ತಿಯಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಐದು ನೂರು ವರ್ಷಗಳ ಕಾಲುವೆಗೆ ಎಪ್ಪತ್ತು ವರ್ಷಗಳ ಅಣೆಕಟ್ಟೆ ಇಂದು ಆಧಾರವಾಗಿದೆ. ಹಳೆಯದು ಶ್ರೇಷ್ಠ, ಹೊಸದು ಕನಿಷ್ಠವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಪ್ರತಿವರ್ಷವೂ ಕೈಯಿಟ್ಟು ನೋಡಿಕೊಳ್ಳದಿದ್ದರೆ ಎರಡೂ ಉಳಿಯುವುದಿಲ್ಲವೆಂಬುದಷ್ಟೇ ಇದರ ತಾತ್ಪರ್ಯ.

ಈಗ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಈ ಕಾಲುವೆಗಳ ಆಧುನೀಕರಣ ನಡೆದಿದೆ. ಕಲ್ಲುಮಣ್ಣಿನ ದಂಡೆಯಿದ್ದ ಕಡೆ ಕಾಂಕ್ರೀಟು ಬಂದಿದೆ. ನೀರು ಇಂಗಿ ಪೋಲಾಗದೆ ಕೊನೆಯ ಗದ್ದೆಗೂ ತಲುಪಬೇಕೆಂಬುದು ನ್ಯಾಯವಾದ ಮಾತು; ಕೊನೆಯ ಗದ್ದೆಯವನ ಸಂಕಟ ಮೊದಲ ಗದ್ದೆಯವನಿಗೆ ತಿಳಿಯದು. ಇಂಗಿದ ನೀರೇ ದಂಡೆಯ ಬಾವಿಯನ್ನೂ ಮರವನ್ನೂ ಸಾಕುತ್ತಿತ್ತೆಂಬುದೂ ಅಷ್ಟೇ ನಿಜ. ಈ ವಿಷಯದಲ್ಲಿ ತೀರ್ಪು ಕೊಡಲು ನಾನು ಎಂಜಿನಿಯರನಲ್ಲ. ಆದರೆ ದಂಡೆಗೆ ಏನನ್ನು ಮೆತ್ತಿದರೂ, ಪೇಟೆಯ ಬಚ್ಚಲನ್ನು ಅದಕ್ಕೆ ತಿರುಗಿಸಿದರೆ ಹರಿಯುವುದು ಕಾಲುವೆಯಲ್ಲ, ಚರಂಡಿ. ನನ್ನ ಕಿಟಕಿಯ ಕೆಳಗೆ ತೇಲಿಹೋದ ಗಂಟುಗಳು ಈ ಮುದುಕನ ತೂಬಿನಂಥ ಯಾವುದೋ ತೂಬಿಗೆ ಹೋಗಿ ಸಿಕ್ಕಿಕೊಂಡಿರಬೇಕಷ್ಟೆ.

ಸೀಸರ್ ಫ್ರೆಡರಿಕ್ ಬಂದಾಗ ಪಟ್ಟಣದ ಮನೆಗಳು ನಿಂತಿದ್ದವು, ಮನುಷ್ಯರಿರಲಿಲ್ಲ. ಹುಲಿಯೇ ಮೊದಲಾದ ಕಾಡುಮೃಗಗಳು ವಾಸವಾಗಿವೆಯೆಂದು ಜನ ಹೇಳುತ್ತಾರೆಂದು ಅವನು ಬರೆದಿದ್ದಾನೆ. ನಾವು ಅಲ್ಲಿಂದೀಚೆಗೆ ಹಂಪಿಯನ್ನು ಅವನ ಕಣ್ಣಿನಿಂದಲೇ ನೋಡುತ್ತ ಬಂದಿದ್ದೇವೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತೆಂದು ಸಂತೋಷಪಡುವಾಗಲೂ ನಮ್ಮ ಮನಸ್ಸಿನಲ್ಲಿರುವುದು ಮುರಿದ ಕಲ್ಲು. ತಿರುಮಲರಾಯನ ಆನೆಗಳಿಗೆ ಹೊರಲಾಗದೆ ಉಳಿದದ್ದು ಈ ನೀರು. ಅದನ್ನು ಸುಲಿಗೆ ಮಾಡಿದವರೂ ಒಯ್ಯಲಾಗಲಿಲ್ಲ. ಯಾವ ಶಾಸನದಲ್ಲಿಯೂ ಹೆಸರಿಲ್ಲದ ಜನ ತಲೆತಲಾಂತರದಿಂದ ಹೂಳೆತ್ತುತ್ತ, ಕಸ ಬಿಡಿಸುತ್ತ ಅದನ್ನು ನಮ್ಮವರೆಗೆ ತಂದು ಮುಟ್ಟಿಸಿದ್ದಾರೆ.

ಮುಂದಿನ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದಾಗ ಮೊದಲು ಕಾಲುವೆಯ ದಂಡೆಯ ಮೇಲೆ ನಡೆಸಬೇಕು, ಕಲ್ಲಿನ ರಥವನ್ನು ಆಮೇಲೆ ತೋರಿಸಬೇಕು ಎಂದು ನಿಶ್ಚಯಿಸಿಕೊಂಡು ಎದ್ದೆ. ಮುದುಕ ಅಷ್ಟರಲ್ಲಿ ಕಸವನ್ನು ಬಿಡಿಸಿ ಮುಗಿಸಿದ್ದ. ತೂಬಿನ ಬಾಯಿಂದ ನೀರು ಗಳಗಳನೆ ಗದ್ದೆಗೆ ನುಗ್ಗಿತು. “ನಿಲ್ರಿ, ಬಸ್ಸಿಗಿನ್ನಾ ಹೊತ್ತೈತಿ,” ಎಂದು ಅವನು ಕಾಲುವೆಯಲ್ಲಿ ಕೈ ತೊಳೆದು, ಪಕ್ಕದ ತೋಟದಿಂದ ಎರಡು ಬಾಳೆಯ ಹಣ್ಣು ತಂದು ಕೊಟ್ಟ.