ಗಾಡಿಯ ದೋಷ ಕಂಪನಿಗೆ ಮುಟ್ಟಿಸುವುದು ಹೇಗೆ?

ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಮಾತು ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ಇದೆ. ರಸ್ತೆಯಿಲ್ಲದ ಕಾಲದಲ್ಲಿ ಆ ಕಾಡು ಹೊಕ್ಕು ಭೈರವೇಶ್ವರನ ಶಿಖರ ಕಂಡುಬರಲು ಮೈಯಲ್ಲಿ ಸೊಕ್ಕೇ ಬೇಕಿತ್ತು. ಈಗ ರಸ್ತೆ ಬಂದಿದೆ, ತೋಟದ ಮನೆಗಳಿಗೆ ಪಿಕಪ್ಪು, ಜೀಪು, ಕಾರು ಬಂದಿವೆ. ಸೊಕ್ಕಿನ ಅಗತ್ಯವಿಲ್ಲ, ಬ್ರೇಕು ಸರಿಯಿದ್ದರೆ ಸಾಕು.

ಬ್ರೇಕಿನ ಮಾತು ಸುಮ್ಮನೆ ತೆಗೆದದ್ದಲ್ಲ. ನಮ್ಮ ಸದಸ್ಯರೊಬ್ಬರು ಶಿರಸಿಯಲ್ಲಿ ಅಡಿಕೆ ಹಾಕಿ, ಗೊಬ್ಬರದ ಚೀಲ ತುಂಬಿಕೊಂಡು ದೇವಿಮನೆ ಘಟ್ಟ ಇಳಿಯುತ್ತಿದ್ದರು. ಪಕ್ಕದಲ್ಲಿ ನಾನೂ ಇದ್ದೆ. ತಿರುವೊಂದರಲ್ಲಿ ಅವರ ಮುಖ ಬದಲಾಯಿತು. "ಪೆಡಲು ಕೆಳಗೇ ಹೋಗ್ತಾ ಇದ್ದು ಮಾರಾಯ" ಎಂದರು. ಗಾಡಿ ಎರಡನೇ ಗೇರಿನಲ್ಲಿದ್ದುದರಿಂದ ಬದುಕಿಕೊಂಡೆವು. ಹ್ಯಾಂಡ್ ಬ್ರೇಕು ಎಳೆದು, ದರೆಯ ಬದಿಗೆ ಒರಗಿಸಿ ನಿಲ್ಲಿಸಿದರು. ಇಳಿದು ನೋಡಿದರೆ ಹಿಂದಿನ ಚಕ್ರದ ಒಳಬದಿಯೆಲ್ಲ ಎಣ್ಣೆ. ಬ್ರೇಕಿನ ಉಕ್ಕಿನ ಕೊಳವೆ ಚಾಸಿಯ ಒಂದು ಪಟ್ಟಿಗೆ ತಾಗಿ ತಾಗಿ ಸವೆದು ತೂತಾಗಿತ್ತು.

ಗಾಡಿಗೆ ಎರಡು ವರ್ಷವೂ ಆಗಿರಲಿಲ್ಲ. ಶೋರೂಮಿನವರ ಉತ್ತರ ನಮಗೆಲ್ಲ ಬಾಯಿಪಾಠ ಇರುವಂಥದೇ: "ನಿಮ್ಮ ರಸ್ತೆ ಸರಿಯಿಲ್ಲ, ಭಾರ ಹೆಚ್ಚು ಹಾಕಿದ್ದೀರಿ." ಹೊಸ ಕೊಳವೆ ಹಾಕಿ ಬಿಲ್ಲು ಕೊಟ್ಟರು. ಸದಸ್ಯರು ಅಲ್ಲಿಗೆ ಬಿಡುವವರೇ ಇದ್ದರು. ಆದರೆ ಸಂಘದ ಅಂಗಳಕ್ಕೆ ಬಂದ ಅದೇ ಮಾದರಿಯ ಇನ್ನೆರಡು ಗಾಡಿಗಳ ಅಡಿ ಹೊಕ್ಕು ನೋಡಿದಾಗ, ಅದೇ ಜಾಗದಲ್ಲಿ ಅದೇ ಗೀರು ಕಂಡಿತು. ಒಂದು ಗಾಡಿಯಲ್ಲಾದರೆ ಸವೆತ ಎನ್ನಬಹುದು. ಮೂರು ಗಾಡಿಗಳಲ್ಲಿ ಒಂದೇ ಜಾಗ ಸವೆದರೆ ಅದು ರಸ್ತೆಯ ತಪ್ಪಲ್ಲ.

ಈ ವ್ಯತ್ಯಾಸವನ್ನು ಜಗತ್ತಿಗೆ ಗಟ್ಟಿಯಾಗಿ ಹೇಳಿದವರು ಅಮೆರಿಕದ ವಕೀಲ ರಾಲ್ಫ್ ನೇಡರ್. 1965ರಲ್ಲಿ ಬಂದ ಅವರ ಪುಸ್ತಕದಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಕಾರ್ವೇರ್ ಕಾರು ತಿರುವಿನಲ್ಲಿ ಹತೋಟಿ ತಪ್ಪುವುದನ್ನು ಬರೆದಿದ್ದರು. ಕಂಪನಿ ಕಾರು ನೋಡುವ ಬದಲು ನೇಡರ್ ಬೆನ್ನಿಗೆ ಪತ್ತೇದಾರರನ್ನು ಬಿಟ್ಟಿತು! ವಿಷಯ ಹೊರಬಿದ್ದು, 1966ರಲ್ಲಿ ಕಂಪನಿಯ ಅಧ್ಯಕ್ಷರೇ ಸೆನೆಟ್ ಸಮಿತಿಯ ಎದುರು ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಅಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು.

ನಮ್ಮಲ್ಲಿ ಅಂಥ ಕಾನೂನಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಯಬೇಕಾಯಿತು. 2012ರಲ್ಲಿ ವಾಹನ ತಯಾರಕರ ಸಂಘವು ಸ್ವಯಂಪ್ರೇರಿತ ವಾಪಸಾತಿಯ ನಿಯಮಾವಳಿಯನ್ನು ಮಾಡಿಕೊಂಡಿತು. ಸ್ವಯಂಪ್ರೇರಿತ ಎಂದರೆ ಇಷ್ಟವಿದ್ದರೆ ಎಂದೇ ಅರ್ಥ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 110ಎ ಎಂಬ ಕಲಮು ಸೇರಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಚಾಲಕನಿಗೆ, ಒಳಗೆ ಕೂತವರಿಗೆ, ರಸ್ತೆಯಲ್ಲಿ ಹೋಗುವ ಇತರರಿಗೆ ಅಥವಾ ಪರಿಸರಕ್ಕೆ ಅಪಾಯ ತರುವ ದೋಷವಿದ್ದರೆ ಆ ಮಾದರಿಯ ಗಾಡಿಗಳನ್ನೆಲ್ಲ ವಾಪಸು ಕರೆಸಿಕೊಳ್ಳಿರೆಂದು ಕೇಂದ್ರ ಸರ್ಕಾರವು ಕಂಪನಿಗೆ ಆಜ್ಞೆ ಮಾಡಬಹುದು. ಕಂಪನಿ ರಿಪೇರಿ ಮಾಡಿಕೊಡಬೇಕು, ಇಲ್ಲವೇ ಬೇರೆ ಗಾಡಿ ಕೊಡಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು; ದಂಡವನ್ನೂ ತೆರಬೇಕಾಗುತ್ತದೆ. ದೋಷ ತನಗೇ ಗೊತ್ತಾದರೆ ಸರ್ಕಾರಕ್ಕೆ ತಿಳಿಸಿ ತಾನಾಗಿಯೇ ವಾಪಸಾತಿ ಆರಂಭಿಸುವುದೂ ಕಂಪನಿಯ ಕರ್ತವ್ಯ. ಆದರೆ ನಿಯಮದ ಪ್ರಕಾರ ಗಾಡಿಗೆ ಏಳು ವರ್ಷ ಮೀರಿರಬಾರದು. ನಮ್ಮ ತೋಟಗಳಲ್ಲಿ ಓಡುವ ಎಷ್ಟೋ ಜೀಪುಗಳು ಇಲ್ಲಿಗೇ ಹೊರಗುಳಿದವು.

ಇನ್ನೊಂದು ತೊಡಕು. ಮಾಲೀಕರ ದೂರಿನ ಮೇಲೆಯೇ ಸರ್ಕಾರ ಕೈಹಾಕಬೇಕಾದರೆ ದೂರುಗಳು ನಿಗದಿತ ಸಂಖ್ಯೆಯನ್ನು ಮುಟ್ಟಬೇಕು. ಹೆಚ್ಚು ಮಾರಾಟವಾಗುವ ಕಾರಿಗೆ ಆ ಸಂಖ್ಯೆ ಸಾವಿರ ದಾಟುತ್ತದೆ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕು ಜಾಲಾಡಿದರೂ ಒಂದೇ ಮಾದರಿಯ ಅಷ್ಟು ದೂರುದಾರರು ಸಿಗುವುದು ಕಷ್ಟ. ಆದರೆ ಕಲಮಿನಲ್ಲಿ ಒಂದು ಕಿಂಡಿ ಇದೆ: ಪರೀಕ್ಷಾ ಸಂಸ್ಥೆಯಿಂದ ಅಥವಾ "ಬೇರೆ ಯಾವುದೇ ಮೂಲದಿಂದ" ಬಂದ ವರದಿಯನ್ನೂ ಸರ್ಕಾರ ಪರಿಗಣಿಸಬಹುದು. ಸಹಕಾರ ಸಂಘವೊಂದು ಫೋಟೋ, ಚಾಸಿ ಸಂಖ್ಯೆಗಳ ಸಮೇತ ಬರೆದ ಪತ್ರ ಅಂಥ ಮೂಲ ಏಕಾಗಬಾರದು?

ತಾನಾಗಿ ಕರೆಸಿಕೊಂಡ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮಾರುತಿಯ ಗ್ರ್ಯಾಂಡ್ ವಿಟಾರಾ, ಟೊಯೋಟಾದ ಹೈರೈಡರ್ ಎರಡೂ ತಯಾರಾಗುತ್ತವೆ. ಹಿಂದಿನ ಸೀಟಿನ ಬೆಲ್ಟು ಕೂಡಿಸುವ ಪಟ್ಟಿ ಕಾಲಾಂತರದಲ್ಲಿ ಸಡಿಲವಾಗಬಹುದೆಂದು, 2022ರ ಆಗಸ್ಟ್ 8ರಿಂದ ನವೆಂಬರ್ 15ರ ನಡುವೆ ತಯಾರಾದ 11,177 ಗ್ರ್ಯಾಂಡ್ ವಿಟಾರಾಗಳನ್ನು ಮಾರುತಿ 2023ರ ಜನವರಿಯಲ್ಲಿ ಕರೆಸಿಕೊಂಡಿತು. ಪರೀಕ್ಷೆ, ಬಿಡಿಭಾಗ ಎಲ್ಲ ಪುಕ್ಕಟೆ. ಟೊಯೋಟಾ ಕೂಡ ತನ್ನ ಹೈರೈಡರ್‌ಗಳನ್ನು ಕರೆಸಿತು. ಇಲ್ಲಿ ಒಂದು ಮಾತು: ಕಂಪನಿಯ ಕರೆ ಹೋಗುವುದು ಅದರ ಪುಸ್ತಕದಲ್ಲಿರುವ ಮಾಲೀಕನಿಗೆ. ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡವರು ತಾವೇ ಚಾಸಿ ಸಂಖ್ಯೆ ಹಿಡಿದು ವಿಚಾರಿಸಬೇಕು.

ಕಂಪನಿ ಕಿವಿಗೊಡದಿದ್ದರೆ ಗ್ರಾಹಕರ ಆಯೋಗವಿದೆ. ದಿಲ್ಲಿಯ ಗ್ರಾಹಕರೊಬ್ಬರು 2015ರಲ್ಲಿ ಹ್ಯುಂಡೈ ಕ್ರೆಟಾ ಕೊಂಡರು. 2017ರ ನವೆಂಬರಿನಲ್ಲಿ ದಿಲ್ಲಿ–ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತವಾಯಿತು, ಗಾಳಿಚೀಲ ತೆರೆಯಲಿಲ್ಲ. ತಲೆಗೆ, ಎದೆಗೆ, ಹಲ್ಲಿಗೆ ಪೆಟ್ಟು. ಚೀಲ ತೆರೆಯುವಷ್ಟು ಜೋರಾಗಿ ಎದುರಿನಿಂದ ಡಿಕ್ಕಿಯಾಗಿಲ್ಲ ಎಂದು ಕಂಪನಿ ವಾದಿಸಿತು. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕಿತು. ವೇಗ, ಬಲಗಳ ಲೆಕ್ಕ ಹಾಕಲು ಗ್ರಾಹಕನೇನು ಭೌತಶಾಸ್ತ್ರದ ಪಂಡಿತನಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯ. 3 ಲಕ್ಷ ರೂಪಾಯಿ ಪರಿಹಾರದ ಜೊತೆಗೆ ಗಾಡಿಯನ್ನೂ ಬದಲಿಸಿ ಕೊಡಬೇಕೆಂದು ತೀರ್ಮಾನವಾಯಿತು. ಅಪಘಾತದಿಂದ ಅಂತಿಮ ತೀರ್ಪಿಗೆ ನಾಲ್ಕೂವರೆ ವರ್ಷ!

ನಮ್ಮ ಜಿಲ್ಲೆಯ ಆಯೋಗ ಕಾರವಾರದಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗಾಡಿಯನ್ನು ಎಲ್ಲಿ ಕೊಂಡಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಪಿಕಪ್ಪು ವ್ಯಾಪಾರದ ಗಾಡಿ, ನೀವು ಗ್ರಾಹಕರೇ ಅಲ್ಲ ಎಂಬ ತಕರಾರು ಬರುವುದುಂಟು. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲಿಕ್ಕೆಂದೇ ಕೊಂಡದ್ದನ್ನು ವ್ಯಾಪಾರಿ ಉದ್ದೇಶವೆಂದು ಎಣಿಸುವುದಿಲ್ಲವೆಂದು ಕಾಯ್ದೆಯೇ ಹೇಳುತ್ತದೆ. ದೂರು ಕೊಡುವ ಮುಂಚೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ತಿಳಿಸಬಹುದು.

ಯಾವ ದಾರಿ ಹಿಡಿದರೂ ಬೇಕಾಗುವುದು ಪುರಾವೆ. ನಮ್ಮ ಸದಸ್ಯರು ಮಾಡಿದ ದೊಡ್ಡ ಕೆಲಸವೆಂದರೆ ತೂತಾದ ಕೊಳವೆಯನ್ನು ಗ್ಯಾರೇಜಿನಲ್ಲಿ ಬಿಡದೆ ಮನೆಗೆ ತಂದದ್ದು. ಹಳೆಯ ಭಾಗ ಗುಜರಿಗೆ ಹೋದರೆ ನಮ್ಮ ಮಾತೂ ಗುಜರಿಗೇ. ಜಾಬ್ ಕಾರ್ಡಿನಲ್ಲಿ "ಬ್ರೇಕ್ ಸರ್ವಿಸ್" ಎಂದು ಬರೆದದ್ದನ್ನು ಒಪ್ಪದೆ, "ಕೊಳವೆ ಪಟ್ಟಿಗೆ ತಾಗಿ ತೂತಾಗಿದೆ" ಎಂದು ಹಟ ಹಿಡಿದು ಬರೆಸಿದರು. ಅದಕ್ಕೆ ಅರ್ಧ ದಿನ ಹೋಯಿತು.

ಮೂರೂ ಗಾಡಿಗಳ ಚಾಸಿ ಸಂಖ್ಯೆ, ಓಡಿದ ಕಿಲೋಮೀಟರು, ಫೋಟೋ ಸೇರಿಸಿ ಸಂಘದ ಕಾಗದದ ಮೇಲೆ ಕಂಪನಿಯ ಮುಖ್ಯ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಶೋರೂಮಿಗೆ ಬರೆದದ್ದಕ್ಕೆ ಉತ್ತರವೇ ಇರಲಿಲ್ಲ. ಇದಕ್ಕೆ ಇಂಜಿನಿಯರು ಬಂದರು. ಮಲಗಿ ನೋಡಿದರು, ಏನೂ ಮಾತಾಡಲಿಲ್ಲ. ಮೂರು ಗಾಡಿಗಳಿಗೂ ರಬ್ಬರಿನ ಕವಚ ಹಾಕಿಸಿ, ಮೊದಲ ಗಾಡಿಯ ಬಿಲ್ಲಿನ ಹಣ ಹಿಂದಿರುಗಿಸಿದರು. ಉಳಿದ ಊರುಗಳ ಗಾಡಿಗಳ ಗತಿಯೇನೆಂದು ಕೇಳಿದ್ದಕ್ಕೆ "ಮೇಲಿನವರಿಗೆ ತಿಳಿಸುತ್ತೇವೆ" ಎಂದರು. ಇದು ವಾಪಸಾತಿಯಲ್ಲ, ಬಾಯಿ ಮುಚ್ಚಿಸುವ ಉಪಾಯ ಎಂದು ನನ್ನ ಅನಿಸಿಕೆ. ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯಕ್ಕೆ ಪತ್ರ ಸಿದ್ಧವಾಗುತ್ತಿದೆ.

ವಿಷಯ ಇನ್ನೂ ಕಂಪನಿಯ ಮುಂದಿರುವುದರಿಂದ ಮಾದರಿಯ ಹೆಸರನ್ನು ಇಲ್ಲಿ ಅಚ್ಚು ಹಾಕಿಲ್ಲ, ಕಚೇರಿಯಲ್ಲಿ ಹೇಳುತ್ತಾರೆ. ಪಿಕಪ್ಪು ಇರುವ ಸದಸ್ಯರು ಅಡಿಕೆ ಹಾಕಲು ಬಂದಾಗ ಆರ್.ಸಿ. ಪ್ರತಿ ತರಬೇಕು. ಅಂಗಳದ ಹೊಂಡದ ಮೇಲೆ ಗಾಡಿ ನಿಲ್ಲಿಸಿದರೆ ಹಿಂದಿನ ಕೊಳವೆ ನೋಡಲು ಹತ್ತು ನಿಮಿಷ ಸಾಕು. ಗೀರು ಕಂಡರೆ ಪತ್ರಕ್ಕೆ ಅವರ ಗಾಡಿಯ ಸಂಖ್ಯೆಯನ್ನೂ ಸೇರಿಸುತ್ತೇವೆ.