ಓಟದ ವೇಗವೂ ಬಲಾರ್ಧವೂ

ಕ್ರಿಕೆಟ್ ಆಟದಲ್ಲಿ ಎರಡು ವಿಕೆಟ್‌ಗಳ ನಡುವಣ ಅಂತರವು 22 ಗಜ. ಅದನ್ನು ಒಮ್ಮೆ ಶೀಘ್ರವಾಗಿ ಓಡಿದ ತರುಣನು ವೇಗಶಾಲಿಯೇ ಸರಿ. ಆದರೆ ಅದೇ ವೇಗವನ್ನು ಮತ್ತೆ ಮತ್ತೆ ತೋರಬಲ್ಲನೆಂಬುದು ಇಷ್ಟರಿಂದಲೇ ಸಿದ್ಧವಾಗದು. ವೇಗವು ಬೇರೆ, ಶ್ರಮವನ್ನು ತಾಳುವ ಶಕ್ತಿಯು ಬೇರೆ. ಅಲ್ಪಕಾಲದ ತೀವ್ರವಾದ ಓಟಕ್ಕೆ ಬೇಕಾದ ಶಕ್ತಿಯು ಬಹುಮಟ್ಟಿಗೆ ಮಾಂಸಖಂಡಗಳಲ್ಲಿರುವ ಕ್ರಿಯಾಟಿನ್ ಫಾಸ್ಫೇಟಿನಿಂದ ಒದಗುತ್ತದೆ. ಇದು ಕೆಲವೇ ಸೆಕೆಂಡುಗಳಲ್ಲಿ ಕ್ಷೀಣಿಸುತ್ತದೆ. ಮರಳಿ ತುಂಬಲು ನಿಮಿಷಗಳ ವಿಶ್ರಾಂತಿ ಬೇಕು. ವಿರಾಮವು ಸಾಲದಾದರೆ ವೇಗವು ಕುಗ್ಗುವುದು.

ವ್ಯಾಯಾಮವನ್ನು ಬಲಾರ್ಧದಷ್ಟೇ ಮಾಡತಕ್ಕದ್ದೆಂದು ಸುಶ್ರುತಸಂಹಿತೆಯು ವಿಧಿಸುತ್ತದೆ. ಹೃದಯದಲ್ಲಿರುವ ವಾಯುವು ಬಾಯಿಗೆ ಬರುವುದೇ ಅದರ ಲಕ್ಷಣವೆನ್ನುತ್ತದೆ. ಇಂದಿನ ಸ್ಪರ್ಧೆಗೆ ಅಷ್ಟು ಅಭ್ಯಾಸವು ಸಾಲದಿರಬಹುದು. ಆದರೂ ಶ್ರಮಕ್ಕೆ ಮಿತಿಯುಂಟು, ಅದನ್ನು ದೇಹವೇ ತಿಳಿಸುತ್ತದೆ ಎಂಬ ತತ್ತ್ವವು ಬಾಧಿತವಾಗಿಲ್ಲ. ವೇಗವಾಗಿ ಚೆಂಡೆಸೆಯುವ ಎಳೆಯರಲ್ಲಿ ಅತಿಶ್ರಮದಿಂದ ಸೊಂಟದ ಕಶೇರುಗಳು ಬಿರಿಯುವುದುಂಟು. ಈ ಮಿತಿಯನ್ನು ಮರೆತುದಕ್ಕೆ ಅದೇ ದೃಷ್ಟಾಂತ.